ವಿಹಾರ ಮತ್ತು ವಿರತಿ

‘ವಿಹಾರ’ ಎಂಬ ಪದವನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಮುನಿಗಳು ಒಂದೂರಿನಿಂದ ಇನ್ನೊಂದೂರಿಗೆ ಕಾಲ್ನಡಿಗೆಯಲ್ಲಿ ಸಾಗಿದರೆ ಅದು ವಿಹಾರ. ಸಂಸಾರಸಮೇತರಾಗಿ ನಾವು ಕಾರಿನಲ್ಲಿ ಬೆಟ್ಟಕ್ಕೋ ಕಾಡಿಗೋ ಹೋದರೆ ಅದೂ ವಿಹಾರವೇ. ಮೊದಲನೆಯದರಲ್ಲಿ ಹೆಜ್ಜೆ ಹೆಜ್ಜೆಗೂ ಎಚ್ಚರವಿದೆ. ಎರಡನೆಯದರಲ್ಲಿ ಎಚ್ಚರವನ್ನು ಮನೆಯಲ್ಲೇ ಬಿಟ್ಟು ಹೊರಡುವುದೇ ಸುಖವೆಂಬ ಭಾವನೆ ಬೆಳೆದಿದೆ. ಗೃಹಸ್ಥನಿಗೆ ಮುನಿಯ ವಿಹಾರ ಸಾಧ್ಯವಿಲ್ಲ, ನಿಜ. ಹಾಗೆಂದು ಅವನ ವಿಹಾರಕ್ಕೆ ಯಾವ ಕಟ್ಟಳೆಯೂ ಇಲ್ಲವೇ? ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ಗ್ರಂಥಾಧ್ಯಯನದಿಂದಲ್ಲ, ಒಂದು ಪ್ರಯಾಣದಿಂದ.

ಆಸ್ಟ್ರೇಲಿಯದಲ್ಲಿ ಉದ್ಯೋಗದಲ್ಲಿರುವ ನನ್ನ ಮಗ ಕೆಲವು ವರ್ಷಗಳ ಹಿಂದೆ ಡಿಸೆಂಬರ್ ರಜೆಯಲ್ಲಿ ಪತ್ನಿ ಮತ್ತು ಇಬ್ಬರು ಮಕ್ಕಳೊಂದಿಗೆ ಮಂಗಳೂರಿನ ನಮ್ಮ ಮನೆಗೆ ಬಂದಿದ್ದ. ಅವರಿಗೆ ಆ ದೇಶದ ಒಳನಾಡಿನಲ್ಲಿ ಕಾರು ಓಡಿಸಿಕೊಂಡು ಹೋಗಿ, ಡೇರೆ ಹಾಕಿ, ರಾತ್ರಿ ಕಳೆಯುವ ಅಭ್ಯಾಸವಿದೆ. ನಲ್ಲರ್ಬಾರ್ ಬಯಲಿನಲ್ಲಿ 146 ಕಿಲೋಮೀಟರಿಗೂ ಮಿಕ್ಕಿ ಒಂದೂ ತಿರುವಿಲ್ಲದೆ ನೇರವಾಗಿ ಸಾಗುವ ರಸ್ತೆಯ ಕಥೆಯನ್ನು ಮೊಮ್ಮಕ್ಕಳು ಬಾಯಿತುಂಬ ಹೇಳಿದರು. ತಿರುವಿಲ್ಲದ ರಸ್ತೆಯಲ್ಲಿ ಭಯವೇನಿದೆ ಎಂದು ನಾನು ಕೇಳಿದಾಗ ಮಗ ಹೇಳಿದ: “ಹಗಲು ಭಯವಿಲ್ಲ ಅಪ್ಪ. ಮುಸ್ಸಂಜೆಗೆ ಕಾಂಗರೂಗಳು ಮೇಯಲು ಹೊರಡುತ್ತವೆ. ಆದ್ದರಿಂದ ಹೊತ್ತು ಇಳಿಯುವ ಮೊದಲೇ ನಾವು ಗಾಡಿ ನಿಲ್ಲಿಸಿ ಡೇರೆ ಹಾಕಿಬಿಡುತ್ತೇವೆ. ಎಷ್ಟೇ ದೂರ ಉಳಿದಿದ್ದರೂ ಸರಿ.” ಸೂರ್ಯಾಸ್ತದೊಳಗೆ ಊಟ ಮುಗಿಸುವ ವ್ರತವುಳ್ಳ ನನಗೆ ಈ ಮಾತು ಹಿತವೆನಿಸಿತು. ಮಗ ತನಗರಿವಿಲ್ಲದೆಯೇ ಒಂದು ವ್ರತ ಪಾಲಿಸುತ್ತಿದ್ದಾನೆ ಎಂದುಕೊಂಡೆ.

ನಮ್ಮ ಘಟ್ಟದಲ್ಲಿಯೂ ಒಂದು ರಾತ್ರಿ ಡೇರೆಯಲ್ಲಿ ಮಲಗಬೇಕೆಂದು ಮಕ್ಕಳು ಹಟ ಹಿಡಿದರು. ಮೂಡಿಗೆರೆಯ ಕಡೆ ಪರಿಚಿತರೊಬ್ಬರ ಕಾಫಿ ತೋಟದಲ್ಲಿ ಏರ್ಪಾಡಾಯಿತು. ಸಾಮಾನು ಕಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿತು. ಬಂಟ್ವಾಳ, ಬೆಳ್ತಂಗಡಿ, ಉಜಿರೆ ಹಾದು ಚಾರ್ಮಾಡಿ ಘಟ್ಟ ಹತ್ತುವಾಗ ಕಣಿವೆ ನೋಡಲೆಂದು ಮಕ್ಕಳು ಮತ್ತೆ ಮತ್ತೆ ಗಾಡಿ ನಿಲ್ಲಿಸಿದರು. ಕೊಟ್ಟಿಗೆಹಾರ ತಲುಪುವಾಗಲೇ ಸಂಜೆ ಐದು ದಾಟಿತ್ತು. ಡಿಸೆಂಬರಿನ ಸೂರ್ಯ ಆರರ ಹೊತ್ತಿಗೆಲ್ಲ ಮುಳುಗುತ್ತಾನೆ. ಮಗ ನಿಧಾನವಾಗಿಯೇ ಓಡಿಸುತ್ತಿದ್ದ. ನಾನು ಗಡಿಯಾರ ನೋಡುತ್ತ, “ಸ್ವಲ್ಪ ಬೇಗ ಹೋಗು ಮಗಾ, ನನ್ನ ಊಟದ ಹೊತ್ತು ಮೀರುತ್ತದೆ” ಎಂದೆ. ಒಮ್ಮೆಯಲ್ಲ, ಮೂರು ಸಲ ಹೇಳಿದೆ. ಅವನು ಮಾತಾಡದೆ ವೇಗ ಹೆಚ್ಚಿಸಿದ.

ತೋಟಗಳ ನಡುವಿನ ಒಂದು ತಿರುವಿನಲ್ಲಿ ಮುಂಗುಸಿಯೊಂದು ರಸ್ತೆಗಿಳಿಯಿತು. ಮಗ ಬ್ರೇಕು ಒತ್ತಿದ, ಗಾಡಿ ನಿಲ್ಲಲಿಲ್ಲ. ಚಕ್ರದಡಿ ಕೇಳಿದ ಸದ್ದು ಬಹಳ ಸಣ್ಣದು. ಇಳಿದು ನೋಡಿದಾಗ ಅದರ ಪ್ರಾಣ ಹೋಗಿತ್ತು. ಮಗ ಅದನ್ನು ಎರಡೂ ಕೈಯಲ್ಲಿ ಎತ್ತಿ ಬೇಲಿಯ ಬುಡದಲ್ಲಿಟ್ಟ. ಸೂರ್ಯ ಮುಳುಗುವ ಮೊದಲೇ ನಾವು ತೋಟ ಸೇರಿದೆವು. ಸೊಸೆ ಬುತ್ತಿ ಬಿಚ್ಚಿ ಬಡಿಸಿದಳು. ನನ್ನ ಕೈ ಎಲೆಯ ಮೇಲೆಯೇ ನಿಂತಿತು. ಚಿಕ್ಕವಳು ಪಶ್ಚಿಮದ ಕಡೆಗೆ ನೋಡಿ, “ಇನ್ನೂ ಬೆಳಕಿದೆ ಅಜ್ಜ, ಬೇಗ ಊಟ ಮಾಡಿ” ಎಂದಳು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ನನ್ನ ವ್ರತ ಕೆಡಬಾರದೆಂಬ ಕಾಳಜಿಯಷ್ಟೇ ಇತ್ತು.

ಆ ಜೀವಹಾನಿ ಯಾರದು? ಕಾಲು ಮಗನದು, ಅವಸರ ನನ್ನದು. ನಮ್ಮ ಆಚಾರ್ಯರು ಪಾಪವನ್ನು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆಯಾಗಿ ಎಣಿಸಿದ್ದು ಇಂಥ ಸಂದರ್ಭದಲ್ಲಿ ನಾವು ತಪ್ಪಿಸಿಕೊಳ್ಳಬಾರದೆಂದೇ. ತಾನು ಮಾಡದೆ ಮಾಡಿಸಿದವನಿಗೆ ಅಲ್ಲಿ ವಿನಾಯಿತಿಯಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣಕ್ಕಿಂತ ಮೊದಲು ಪ್ರಮಾದವನ್ನು ಇಡುತ್ತದೆ. ನೋಡಿ ನಡೆಯುವ ಮುನಿಯ ಪಾದದಡಿ ಅಕಸ್ಮಾತ್ತಾಗಿ ಕ್ರಿಮಿಯೊಂದು ಸತ್ತರೆ ಅವನಿಗೆ ಬಂಧವಿಲ್ಲವೆಂದೂ, ಪ್ರಮತ್ತನಾದವನಿಗೆ ಜೀವಿ ಸಾಯದಿದ್ದರೂ ದೋಷವುಂಟೆಂದೂ ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’ ವಿವರಿಸುತ್ತದೆ. ಅಂದಮೇಲೆ ಮುಂಗುಸಿ ಅಂದು ರಸ್ತೆಗೆ ಇಳಿಯದೇ ಇದ್ದಿದ್ದರೂ ನನ್ನ ದೋಷ ಇದ್ದೇ ಇರುತ್ತಿತ್ತು. ಅದು ಇಳಿದದ್ದರಿಂದ ನನಗೆ ಗೋಚರವಾಯಿತು, ಅಷ್ಟೆ.

ಇನ್ನೂ ನಾಚಿಕೆಯ ಸಂಗತಿಯೊಂದಿದೆ. ಬುತ್ತಿ ನಮ್ಮ ಗಾಡಿಯಲ್ಲೇ ಇತ್ತು. ದಾರಿಬದಿಯ ಮರದಡಿ ಕುಳಿತು ಉಣ್ಣಬಹುದಾಗಿತ್ತು. ಅದೂ ಆಗದಿದ್ದರೆ ಆ ರಾತ್ರಿ ಉಪವಾಸವಿರಬಹುದಾಗಿತ್ತು. ಹೊತ್ತು ಮೀರಿದರೆ ಊಟ ಬಿಡುವುದು ವ್ರತ. ಹೊತ್ತು ಮೀರದಂತೆ ಇನ್ನೊಬ್ಬರನ್ನು ಓಡಿಸುವುದು ವ್ರತವಲ್ಲ, ಊಟದ ಆಸೆ. ಸೂಕ್ಷ್ಮಜೀವಿಗಳ ರಕ್ಷಣೆಗೆಂದು ಹುಟ್ಟಿದ ನಿಯಮವನ್ನು ನಾನು ಒಂದು ಜೀವದ ಮೇಲೆ ಹಾಯಿಸಿ ಕಾಪಾಡಿಕೊಂಡೆ.

ಪ್ರವಾಸದ ವಿಚಾರವಾಗಿ ನಮ್ಮ ಶ್ರಾವಕಾಚಾರ ಮೌನವಾಗಿಲ್ಲ. ದಿಗ್‌ವ್ರತವು ಜೀವಮಾನಕ್ಕೆಂದು ಎಲ್ಲ ದಿಕ್ಕುಗಳಲ್ಲಿಯೂ ಸಂಚಾರದ ಎಲ್ಲೆಯನ್ನು ಕಟ್ಟುತ್ತದೆ; ದೇಶವ್ರತವು ಅದರೊಳಗೇ ಇಂತಿಷ್ಟು ಕಾಲಕ್ಕೆ ಇನ್ನೂ ಕಿರಿದಾದ ಎಲ್ಲೆಯನ್ನು ಕಟ್ಟುತ್ತದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಈ ಎಲ್ಲೆಗೆ ಸಮುದ್ರ, ನದಿ, ಅಡವಿ, ಗಿರಿ ಮೊದಲಾದ ಪ್ರಸಿದ್ಧ ಗುರುತುಗಳನ್ನು ಸೂಚಿಸುತ್ತಾರೆ. ಮಂಗಳೂರಿನವನು ಇವನ್ನು ಹುಡುಕಬೇಕಾಗಿಲ್ಲ: ಪಶ್ಚಿಮಕ್ಕೆ ಕಡಲು, ದಕ್ಷಿಣಕ್ಕೆ ನೇತ್ರಾವತಿ, ಪೂರ್ವಕ್ಕೆ ಘಟ್ಟ. ಎಲ್ಲೆಯಾಚೆಯ ಜೀವಿಗಳ ಮಟ್ಟಿಗೆ ಗೃಹಸ್ಥನೂ ಮಹಾವ್ರತಿಗೆ ಸಮನಾಗುತ್ತಾನೆಂಬುದು ಅವರ ಅಭಿಪ್ರಾಯ. ಇದು ಭೂಪಟದ ಮೇಲೆ ಬರೆದುಕೊಟ್ಟ ಅಭಯದಾನ. ಈ ವ್ರತದ ಅತಿಚಾರಗಳೂ ಐದು: ಮೇಲೆ, ಕೆಳಗೆ, ಅಡ್ಡವಾಗಿ ಎಲ್ಲೆ ದಾಟುವುದು, ಎಲ್ಲೆಯನ್ನು ಹಿಗ್ಗಿಸುವುದು ಮತ್ತು ಎಲ್ಲೆಯನ್ನು ಮರೆಯುವುದು. “ಇಷ್ಟು ದೂರ ಬಂದಿದ್ದೇವೆ, ಇನ್ನು ಹತ್ತು ಮೈಲಿ ತಾನೆ” ಎಂದು ಪ್ರವಾಸದಲ್ಲಿ ಯಾರು ಹೇಳಿಲ್ಲ? ಅದು ನಾಲ್ಕನೆಯ ಅತಿಚಾರ.

ಡೇರೆಯ ವಾಸಕ್ಕೆ ಸಂಬಂಧಿಸಿದ ಮಾತೂ ಅದೇ ಗ್ರಂಥದಲ್ಲಿದೆ. ಪ್ರಯೋಜನವಿಲ್ಲದ ಹಿಂಸೆಗೆ ಅನರ್ಥದಂಡವೆಂದು ಹೆಸರು. ಅದರ ಒಂದು ಬಗೆಯಾದ ಪ್ರಮಾದಚರ್ಯೆಯಲ್ಲಿ ವ್ಯರ್ಥವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಿಡ ಕಡಿಯುವುದು, ಸುಮ್ಮನೆ ಅಲೆಯುವುದು, ಇತರರನ್ನು ಅಲೆಸುವುದು ಸೇರಿವೆ. ಡೇರೆಯ ಗೂಟ, ಪಾತ್ರೆ ತೊಳೆದ ನೀರು, ಮೋಜಿನ ಬೆಂಕಿ, ಮುರಿದ ಕೊಂಬೆ ಎಲ್ಲವೂ ಈ ಪಟ್ಟಿಯಲ್ಲಿವೆ. ಅಲೆಸುವುದೂ ಇದೆಯೆಂಬುದನ್ನು ನಾನು ಅಂದು ಮರೆತಿದ್ದೆ. ಗೂಟ ನೆಡುವ ಮೊದಲು ಇರುವೆಯ ಸಾಲನ್ನು ನೋಡಿದರೆ, ಒಣಕಟ್ಟಿಗೆಯೊಳಗೆ ಹುಳುಗಳಿವೆಯೆಂದು ಬೆಂಕಿಯನ್ನೇ ಬಿಟ್ಟರೆ, ಅದೇ ಡೇರೆ ಮಕ್ಕಳಿಗೆ ಪಾಠಶಾಲೆಯಾಗಬಲ್ಲದು.

ಕಾರಿಗೂ ಈರ್ಯಾಸಮಿತಿಯುಂಟೆ? ಮುನಿಯು ಹಗಲಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುತ್ತಾನೆ. ಕಂಡ ಕ್ಷಣದಲ್ಲೇ ಅವನ ಕಾಲು ನಿಲ್ಲಬಲ್ಲದು. ಗಂಟೆಗೆ 60 ಕಿಲೋಮೀಟರು ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. ಕಣ್ಣು ಕಂಡದ್ದು ಕಾಲಿಗೆ ಮುಟ್ಟುವುದರೊಳಗೇ ಅಷ್ಟು ನೆಲ ಕಳೆದಿರುತ್ತದೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಮಡಿಯಾಗುತ್ತದೆ. ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಚಾಲಕನ ಈರ್ಯಾಸಮಿತಿಯೆಂದು ನನಗೆ ತೋರುತ್ತದೆ. ಮಳೆಗಾಲದ ರಾತ್ರಿಗಳಲ್ಲಿ ಘಟ್ಟದ ರಸ್ತೆಯ ಮೇಲೆ ಕಪ್ಪೆ, ಏಡಿ, ಹಾವುಗಳು ಹರಿದಾಡುವಾಗ ಆ ವೇಗ ಶೂನ್ಯಕ್ಕೆ ಸಮೀಪವೇ. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವ ಕಾರಣವೂ ಅದೇ.

ಹಾಗಾದರೆ ಮನೆಯಲ್ಲೇ ಕುಳಿತಿರುವುದು ಲೇಸಲ್ಲವೇ ಎಂದು ಕೇಳುವವರುಂಟು. ಈ ಆಕ್ಷೇಪವನ್ನು ಲಘುವಾಗಿ ತಳ್ಳಲಾಗದು. ಆದರೆ ಕಾಡನ್ನೇ ಕಾಣದ ಮಗುವಿನಲ್ಲಿ ಕಾಡಿನ ಜೀವಿಯ ಮೇಲೆ ಕರುಣೆ ಹುಟ್ಟುವುದು ಹೇಗೆ? ಆ ಸಂಜೆ ನನ್ನ ಮೊಮ್ಮಗಳು ಕಂಡದ್ದು ಯಾವ ಪ್ರವಚನದಿಂದಲೂ ಅವಳಿಗೆ ದೊರೆಯುತ್ತಿರಲಿಲ್ಲ. ಹೊರಡುವುದು ತಪ್ಪಲ್ಲ, ಎಲ್ಲೆಯಿಲ್ಲದೆ ಹೊರಡುವುದು ತಪ್ಪು.

ಜಗತ್ತು ಬೇರೆ ಹೆಸರಿನಲ್ಲಿ ಇದನ್ನೇ ಕಲಿಯುತ್ತಿದೆ. ಬಂಡೀಪುರದ ಕಾಡಿನ ನಡುವಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ 2009ರಲ್ಲಿ ಜಾರಿಗೆ ಬಂದಿತು. 2010ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮಧ್ಯ ಆಸ್ಟ್ರೇಲಿಯದ ಉಲುರು ಎಂಬ ಕೆಂಬಂಡೆಯನ್ನು ಏರಬೇಡಿರೆಂದು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನ ಬಹುಕಾಲ ವಿನಂತಿಸುತ್ತ ಬಂದರು. 2019ರ ಅಕ್ಟೋಬರ್ 26ರಂದು ಏರುವ ದಾರಿ ಶಾಶ್ವತವಾಗಿ ಮುಚ್ಚಿತು. ಈಗ ಪ್ರವಾಸಿಗಳು ಅದರ ಬುಡವನ್ನು ಬಳಸಿ ಸುಮಾರು 10 ಕಿಲೋಮೀಟರು ನಡೆದು ಬರುತ್ತಾರೆ. ನನ್ನ ಮೊಮ್ಮಕ್ಕಳೂ ಹಾಗೆ ನಡೆದವರೇ. ಏರುವ ಆಸೆ ಅಲ್ಲಿ ಪ್ರದಕ್ಷಿಣೆಯಾಗಿದೆ. ಆದರೆ ಸರಕಾರದ ಗೇಟು ನಿಲ್ಲಿಸುವುದು ಗಾಡಿಯನ್ನು ಮಾತ್ರ. ಮನಸ್ಸನ್ನು ನಿಲ್ಲಿಸುವ ಗೇಟನ್ನು ನಾವೇ ಕಟ್ಟಿಕೊಳ್ಳಬೇಕು.

ಮರುದಿನ ಮಗನೊಡನೆ ತಪ್ಪು ಒಪ್ಪಿಕೊಂಡೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಲ್ಲಿ ನಾನು ಸಂಜೆಗೆ ಗಾಡಿ ಓಡಿಸುವುದಿಲ್ಲ. ಇಲ್ಲಿ ನಿಮ್ಮ ಮಾತು ಮೀರುವುದು ಹೇಗೆಂದು ಓಡಿಸಿದೆ” ಎಂದ. ಹಿರಿಯರ ಮಾತಿಗೆ ಮನೆಯಲ್ಲಿ ಎಷ್ಟು ತೂಕವಿದೆಯೋ ಅಷ್ಟೇ ಹೊಣೆಯೂ ಇದೆಯೆಂಬುದು ಆಗ ಅರಿವಾಯಿತು.

ಅಂದಿನಿಂದ ಪ್ರಯಾಣಕ್ಕೆ ಮುನ್ನ ನಮ್ಮ ಮನೆಯಲ್ಲಿ ಮೂರು ಮಾತುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತೇವೆ: ಎಲ್ಲಿಯವರೆಗೆ, ಎಷ್ಟು ಹೊತ್ತಿನವರೆಗೆ, ಯಾವ ವೇಗದವರೆಗೆ. ಹೊತ್ತು ಮೀರಿದರೆ ನನಗೆ ಊಟವಿಲ್ಲವೆಂಬುದು ನಾಲ್ಕನೆಯ ಮಾತು. ಅದನ್ನು ನಾನೊಬ್ಬನೇ ಹೇಳುತ್ತೇನೆ. ಅನಂತರ ವೇಣೂರಿಗೆ ಹೋಗಿದ್ದಾಗ ಹಾಗೆ ಒಮ್ಮೆ ಉಪವಾಸವಿದ್ದೆ. ಆ ರಾತ್ರಿ ಹಸಿವಿತ್ತು. ನಿದ್ದೆಯೂ ಚೆನ್ನಾಗಿ ಬಂತು.