ಯಾವ ಸೇರಿನಲ್ಲಿ ಅಳೆಯುವುದು?

ಜನರ ಹಣದಿಂದ ನಡೆಯುವ ಸಂಶೋಧನಾ ಸಂಸ್ಥೆಯೊಂದು ಆ ಹಣಕ್ಕೆ ಯೋಗ್ಯವೇ, ಅಲ್ಲವೇ ಎಂದು ತೀರ್ಮಾನಿಸುವುದು ಹೇಗೆ? ಇದು ದಿಲ್ಲಿಯವರ ತಲೆನೋವು ಎಂದು ನಮ್ಮ ಸಕಲೇಶಪುರ, ಆಲೂರಿನವರು ಸುಮ್ಮನಿರುವಂತಿಲ್ಲ. ಪೇಟೆಯಿಂದ ಘಾಟಿಯ ಕಡೆಗೆ ಹೊರಟರೆ ದೋಣಿಗಾಲ್‌ನಲ್ಲಿ ಸಾಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರವಿದೆ. ಮೂಡಿಗೆರೆ ಕಳೆದು ಮುಂದೆ ಹೋದರೆ ಬಾಳೆಹೊನ್ನೂರಿನ ಬಳಿ ಕಾಫಿ ಮಂಡಳಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ. ಎರಡೂ ಮಂಡಳಿಗಳು ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗಿವೆ. ಹಣ ಕೊಡುವವರು ವಾಣಿಜ್ಯದವರಾದರೆ ಮೊದಲ ಪ್ರಶ್ನೆ ರಫ್ತಿನದೇ ಆಗಿರುತ್ತದೆ. ಹೊಳೆಯ ನೀರು, ನೆರಳಿನ ಮರಗಳ ಮಾತು ಆಮೇಲಿನದು.

ಲೆಕ್ಕ ಕೇಳಬಾರದು ಎಂದು ನಾನು ಹೇಳುತ್ತಿಲ್ಲ. ಲೈನ್ ಮನೆಯ ಹೆಂಗಸು ಒಂದು ಸೋಪು ಕೊಂಡರೂ ತೆರಿಗೆ ಕಟ್ಟುತ್ತಾಳೆ. ಅವಳ ಮಗು ಓದುವ ಶಾಲೆಯ ಹೆಂಚು ಸೋರುತ್ತಿರುವಾಗ, ಪ್ರಯೋಗಶಾಲೆಗೆ ಕೊಟ್ಟ ಹಣದಿಂದ ಏನಾಯಿತು ಎಂದು ಕೇಳುವ ಹಕ್ಕು ಅವಳಿಗಿದೆ. ಹಾಗೆಂದು ಆ ಹಣವೇನೂ ಹೆಚ್ಚಲ್ಲ. 2020–21ರ ಲೆಕ್ಕದಲ್ಲಿ ನಮ್ಮ ದೇಶ ಸಂಶೋಧನೆಗೆ ಖರ್ಚು ಮಾಡಿದ್ದು ರಾಷ್ಟ್ರೀಯ ಉತ್ಪನ್ನದ ನೂರು ರೂಪಾಯಿಗೆ 64 ಪೈಸೆ. ಚಿಲ್ಲರೆ ಕಡಿಮೆ ಇದ್ದಾಗಲೇ ಯಾರಿಗೆ ಕೊಡಬೇಕೆಂಬ ಯೋಚನೆ ಹೆಚ್ಚು ಬೇಕಾಗುತ್ತದೆ.

ತಪಾಸಣೆ ಎಂದರೆ ಏನೆಂದು ಮೇಷ್ಟ್ರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾಹೇಬರು ಬರುವ ಹಿಂದಿನ ದಿನ ಗೋಡೆಗೆ ಸುಣ್ಣ, ಬೀರುವಿನೊಳಗಿನ ಭೂಪಟಗಳಿಗೆ ಬಿಸಿಲು, ಟಿಪ್ಪಣಿ ಪುಸ್ತಕಗಳಿಗೆ ಹೊಸ ರಟ್ಟು. ಬಂದವರು ರಟ್ಟು ನೋಡಿ ಹೋಗುತ್ತಾರೆ. ಹಿಂದಿನ ಬೆಂಚಿನ ಹುಡುಗಿ ಮೂರು ತಿಂಗಳು ತಿಣುಕಿ ಭಾಗಾಕಾರ ಕಲಿತದ್ದು ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ. ಸಂಶೋಧನಾ ಸಂಸ್ಥೆಗಳ ತಪಾಸಣೆಯಲ್ಲಿ ರಟ್ಟಿನ ಜಾಗಕ್ಕೆ ಪ್ರಕಟವಾದ ಲೇಖನಗಳ ಸಂಖ್ಯೆ ಬಂದಿದೆ, ಅಷ್ಟೆ.

ಬಾಳೆಹೊನ್ನೂರಿನ ಕತೆಯನ್ನೇ ನೋಡಿ. ಎಲೆತುಕ್ಕು ರೋಗ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು ಅಲ್ಲಿಯ ಕಾಫಿಯನ್ನು ನಿರ್ನಾಮ ಮಾಡಿತು. ನಮ್ಮ ಬೆಟ್ಟಗಳನ್ನೂ ಬಿಡಲಿಲ್ಲ. 1911ರಲ್ಲಿ ಕೆಂಟ್ ಎಂಬ ಪ್ಲಾಂಟರು ರೋಗ ತಡೆಯುವ ಗಿಡವೊಂದನ್ನು ತೋಟದಲ್ಲೇ ಆರಿಸಿ ಬೆಳೆಸಿದರು. ಕೆಲವು ವರ್ಷಗಳಲ್ಲಿ ಅದಕ್ಕೂ ರೋಗ ಹತ್ತಿತು. 1925ರಲ್ಲಿ ಮೈಸೂರು ಸರ್ಕಾರ ಕಾಫಿ ಪ್ರಯೋಗ ಕೇಂದ್ರವನ್ನು ತೆರೆಯಿತು. ಅದರ ಹಿಂದಿದ್ದವರು ಲೆಸ್ಲಿ ಕೋಲ್ಮನ್. ಇವತ್ತಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ಕಾಣುವ ಎಸ್.795 ತಳಿ ಅಲ್ಲಿಂದ ಹೊರಬಂದದ್ದು 1940ರ ದಶಕದಲ್ಲಿ. ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು. ತಲೆಮಾರಿನ ಮೇಲೆ ತಲೆಮಾರು ನೆಟ್ಟು ನೋಡಬೇಕು. 1930ರಲ್ಲಿಯೋ 1935ರಲ್ಲಿಯೋ ಒಂದು ಸಮಿತಿ ಬಂದು ‘ಫಲಿತಾಂಶವೆಲ್ಲಿ?’ ಎಂದು ಕೇಳಿ ಬಾಗಿಲು ಹಾಕಿಸಿದ್ದರೆ? ಮುಂದೆ ಎಸ್.795ರ ತಡೆಯುವ ಶಕ್ತಿಯೂ ಕುಗ್ಗಿತು ಎನ್ನುವುದು ನಿಜ. ರೋಗವೂ ತನ್ನ ಸಂಶೋಧನೆ ನಡೆಸುತ್ತಲೇ ಇರುತ್ತದಲ್ಲ!

ಈ ವಾದವನ್ನು ಹಿಡಿದುಕೊಂಡು ಎಲ್ಲ ಸೋಮಾರಿತನಕ್ಕೂ ‘ಇನ್ನೂ ಇಪ್ಪತ್ತು ವರ್ಷ ಕೊಡಿ’ ಎನ್ನಬಹುದು. ಅಲ್ಲೇ ಇಕ್ಕಟ್ಟು. ಏಲಕ್ಕಿಯ ಕಟ್ಟೆ ರೋಗಕ್ಕೆ ಹೆಸರಿಟ್ಟವರು ಕನ್ನಡದವರೇ. ಹೇನು ಹರಡುವ ಈ ನಂಜುರೋಗ ನಮ್ಮ ಕಡೆಯ ಎಷ್ಟೋ ಏಲಕ್ಕಿ ತೋಟಗಳನ್ನು ನುಂಗಿತು. ಕೊಡಗಿನ ಅಪ್ಪಂಗಳದ ಕೇಂದ್ರದಿಂದ ರೋಗ ತಡೆಯುವ ‘ವಿಜೇತ’ ಎಂಬ ತಳಿ ಬಂತು, ಒಪ್ಪೋಣ. ಆದರೆ ಕೇರಳದ ಏಲಕ್ಕಿ ಇಳುವರಿಯನ್ನೇ ಮೇಲೆತ್ತಿದ ಞಳ್ಳಾನಿ ತಳಿಯನ್ನು ಆರಿಸಿದವರು ಇಡುಕ್ಕಿಯ ರೈತ ಸೆಬಾಸ್ಟಿಯನ್ ಜೋಸೆಫ್. ಅವರ ಬಳಿ ಪ್ರಯೋಗಶಾಲೆ ಇರಲಿಲ್ಲ, ಅನುದಾನವೂ ಇರಲಿಲ್ಲ. ಹಾಗಾದರೆ ಸಂಸ್ಥೆಗಳೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಆ ರೈತರು ಚೆನ್ನಾಗಿ ಕಾಯಿ ಬಿಟ್ಟ ಗಿಡವನ್ನು ಹುಡುಕಿದರು; ಹೇನು ರೋಗವನ್ನು ಹೇಗೆ ಹೊರುತ್ತದೆಂದು ವರ್ಷಗಟ್ಟಲೆ ಕುಳಿತು ನೋಡುವ ಕೆಲಸ ತೋಟ ನಂಬಿದ ಸಂಸಾರಸ್ಥನಿಂದ ಆಗುವುದಿಲ್ಲ.

ಬಿಳಿ ಕಾಂಡಕೊರಕವಂತೂ ನೂರು ವರ್ಷದ ಮೇಲೂ ಸೋತಿಲ್ಲ. ಕಾಂಡ ಉಜ್ಜಿ, ಸುಣ್ಣ ಬಳಿದು, ನೆರಳು ಕಾಪಾಡಿ, ಹುಳು ಬಿದ್ದ ಗಿಡವನ್ನು ಹಾರಾಟದ ಕಾಲಕ್ಕೆ ಮೊದಲೇ ಕಿತ್ತು ಸುಡಿ ಎನ್ನುವುದೇ ಇಂದಿಗೂ ಮುಖ್ಯ ಸಲಹೆ. ಇದಕ್ಕೆ ಸೊನ್ನೆ ಅಂಕವೇ? ಯಾವ ಪ್ರಯೋಗ ಫಲಿಸಲಿಲ್ಲವೆಂದು ಪ್ರಾಮಾಣಿಕವಾಗಿ ಬರೆದಿಟ್ಟ ಸಂಸ್ಥೆಗೆ ನಾನಾದರೆ ಅಂಕ ಕೊಡುತ್ತೇನೆ. ಬರೆಯದೆ ಮುಚ್ಚಿಟ್ಟವರಿಗೆ ಕೊಡುವುದಿಲ್ಲ. ದುಡಿಮೆ ಪ್ರಾಮಾಣಿಕವೇ ಎಂದು ವರ್ಷವರ್ಷವೂ ನೋಡಬಹುದು: ದಾಖಲೆ ಇದೆಯೇ, ತಾಕುಗಳಲ್ಲಿ ಗಿಡಗಳಿವೆಯೇ, ಎರಡೆಕರೆಯವನು ಹುಳು ಹಿಡಿದ ಕಾಂಡ ತಂದರೆ ಯಾರಾದರೂ ಮಾತಾಡಿಸುತ್ತಾರೆಯೇ? ಫಲವನ್ನು ನೋಡಬೇಕಾದದ್ದು ಗಿಡದ ಆಯುಷ್ಯಕ್ಕೆ ತಕ್ಕಂತೆ.

ಅಳೆಯುವವರ ಪ್ರಶ್ನೆಯೂ ಇದೆ. ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್ 1994ರಲ್ಲಿ ಹುಟ್ಟಿತು, ಅದರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. 2025ರ ಫೆಬ್ರವರಿಯಲ್ಲಿ, ಆಂಧ್ರದ ಸಂಸ್ಥೆಯೊಂದಕ್ಕೆ ಒಳ್ಳೆಯ ಶ್ರೇಣಿ ಕೊಡಲು ಲಂಚ ಪಡೆದ ಆರೋಪದ ಮೇಲೆ ಅದರ ಪರಿಶೀಲನಾ ಸಮಿತಿಯ ಸದಸ್ಯರನ್ನೇ ಸಿಬಿಐ ಬಂಧಿಸಿತು. ಸೇರು ಮಾರಾಟಕ್ಕೆ ಬಂದರೆ ಅಕ್ಕಿಯ ಮಾತು ಆಡಿ ಏನು ಪ್ರಯೋಜನ? ಸಮಿತಿಯಲ್ಲಿ ಆ ಸಂಸ್ಥೆಯ ಸಲಹೆ ನಂಬಿ ಬೆಳೆ ಇಟ್ಟ ಸಣ್ಣ ಬೆಳೆಗಾರರೊಬ್ಬರು ಇರಲಿ. ಹಣ್ಣು ಕೊಯ್ಯುವ ಹೆಂಗಸೊಬ್ಬಳೂ ಇರಲಿ. ಯಾವ ಸಾಲಿನ ಗಿಡ ಸೊರಗಿದೆ ಎಂದು ಅವಳಿಗೆ ಕಡತ ನೋಡದೆ ಗೊತ್ತಿರುತ್ತದೆ.

ಅನುದಾನ ನಿಲ್ಲಿಸುವ ಮುನ್ನ ಸಮಿತಿ ಒಮ್ಮೆ ತಳಿ ಸಂಗ್ರಹದ ತಾಕಿಗೂ ಹೋಗಿ ಬರಲಿ. ಕಾಫಿ ಬೀಜದ ಮೊಳಕೆ ಶಕ್ತಿ ಬಹಳ ಕಾಲ ಉಳಿಯುವುದಿಲ್ಲ. ಆದ್ದರಿಂದ ತಳಿಗಳನ್ನು ಡಬ್ಬಿಯಲ್ಲಿಡದೆ, ಜೀವಂತ ಗಿಡಗಳಾಗಿ ನೆಲದಲ್ಲೇ ಕಾಪಾಡುತ್ತಾರೆ. ಕಳೆ ತೆಗೆಯುವ ಆಳಿಗೆ ಸಂಬಳವಿಲ್ಲದೆ ಎರಡು ಮಳೆಗಾಲ ಕಳೆದರೆ ಆ ತಾಕಿನಲ್ಲಿ ಏನು ಉಳಿಯುತ್ತದೆಂದು ನಮ್ಮ ಕಡೆ ಪಾಳು ಬಿದ್ದ ಯಾವ ತೋಟವನ್ನು ನೋಡಿದರೂ ತಿಳಿಯುತ್ತದೆ. ಮೂರನೆಯ ವರ್ಷ ಮತ್ತೆ ಹಣ ಬಿಡುಗಡೆ ಮಾಡಿದರೆ ಆಳುಗಳು ಬರುತ್ತಾರೆ, ಗಿಡಗಳು ಬರುವುದಿಲ್ಲ.