ಒರೆಸುವ ಮುನ್ನ

ಹಳೆಯ ವಸ್ತುಗಳನ್ನು ಕೂಡಿಡುವವನು ಹಣವುಳ್ಳವನಾದರೆ ಲೋಕ ಅವನನ್ನು ರಸಿಕನೆನ್ನುತ್ತದೆ, ಇಲ್ಲದವನಾದರೆ ಮರುಳನೆನ್ನುತ್ತದೆ. ನಾನು ಎರಡನೆಯ ವರ್ಗಕ್ಕೆ ಸೇರಿದವನು. ಕನ್ನಡ ಪಾಠ ಹೇಳುವವನಿಗೆ ಹಳೆಯ ದುರ್ಬೀನುಗಳ ಗೀಳೇಕೆ ಎಂದು ಕೇಳುವವರುಂಟು. ಬೈನಾಕ್ಯುಲರ್ ಎಂದು ಕರೆಯುವ ಆ ಜೋಡಿ ಕೊಳವೆಗಳನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸುವಾಗ ಏಳುವ ಪ್ರಶ್ನೆಯೊಂದು ನನ್ನ ಕಸುಬಿಗೆ ಹೊರಗಿನದಲ್ಲ. ಹಳೆಯದನ್ನು ಸರಿಪಡಿಸುವವನು ಎಷ್ಟನ್ನು ಒರೆಸಬಹುದು?

ಮಸೂರ ತಲೆಕೆಳಗು ಮಾಡಿದ ಚಿತ್ರವನ್ನು ಗಾಜಿನ ಪ್ರಿಸಂಗಳಿಂದ ಮತ್ತೆ ನೆಟ್ಟಗೆ ನಿಲ್ಲಿಸುವ ಯುಕ್ತಿ ಇಟಲಿಯ ಪೊರೊ ಎಂಬಾತನದು; 1854ರಲ್ಲಿ ಆತ ಅದಕ್ಕೆ ಪೇಟೆಂಟ್ ಪಡೆದ. ಅದನ್ನು ಸಾಧಿಸಿ ತೋರಿಸಿದವನು ಜರ್ಮನಿಯ ಯೇನಾ ಊರಿನ ಝೈಸ್ ಕಾರ್ಖಾನೆಯ ಎರ್ನ್‌ಸ್ಟ್ ಅಬೆ. ಅಲ್ಲಿಯ ದುರ್ಬೀನು ಪೇಟೆಗೆ ಬಂದದ್ದು 1894ರಲ್ಲಿ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಮಹಾಯುದ್ಧ ಬಂತು. ಹಕ್ಕಿಗಳನ್ನೂ ಬೆಟ್ಟಗಳನ್ನೂ ನೋಡಬಹುದಾಗಿದ್ದ ಕಣ್ಣು ಫಿರಂಗಿಗೆ ಗುರಿ ತೋರಿಸಿತು. ಇಂದು ನನ್ನಂಥವರ ಕೈಗೆ ಬರುವ ಹಳೆಯ ದುರ್ಬೀನುಗಳಲ್ಲಿ ಯಾವುದೋ ಸೈನ್ಯದಲ್ಲಿ ದುಡಿದು ಬಂದವೂ ಇರುತ್ತವೆ.

ಅವುಗಳ ರೋಗಗಳು ಗೊತ್ತಿರುವಂಥವೇ. ಮಲೆನಾಡಿನಂಥ ತೇವದ ಹವೆಯಲ್ಲಿ ನಾಲ್ಕು ಮಳೆಗಾಲ ಪೆಟ್ಟಿಗೆಯಲ್ಲಿ ಮಲಗಿದರೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಹಾಗೆಯೇ ಬಿಟ್ಟರೆ ಅದು ಗಾಜನ್ನೇ ಕೊರೆಯುತ್ತದೆ. ಗ್ರೀಸು ಗಟ್ಟಿಯಾಗುತ್ತದೆ. ಪ್ರಿಸಂ ಕೊಂಚ ಜರುಗಿದರೂ ಸಾಕು, ಎರಡು ಕೊಳವೆಗಳು ಎರಡು ಕಡೆ ನೋಡಿ, ನೋಡುವವನಿಗೆ ತಲೆನೋವು ತರುತ್ತವೆ. ಇವನ್ನೆಲ್ಲ ಸರಿಪಡಿಸತಕ್ಕದ್ದೇ. ನೋಡುವುದಕ್ಕೆಂದು ಹುಟ್ಟಿದ ವಸ್ತುವನ್ನು ಕುರುಡಾಗಿ ಇಟ್ಟುಕೊಂಡರೆ ಅದು ಗೌರವವಾಗದು.

ಆದರೆ ಒರೆಸುವ ಕೈಗೆ ನಿಲ್ಲುವುದೂ ತಿಳಿದಿರಬೇಕು. 1935ರಲ್ಲಿ ಝೈಸ್ ಕಾರ್ಖಾನೆಯ ಸ್ಮಾಕುಲಾ ಎಂಬಾತ ಮಸೂರಕ್ಕೆ ಒಂದು ಲೇಪವನ್ನು ಕಂಡುಹಿಡಿದ. ಗಾಜಿನ ಮೈಯಿಂದ ಹಿಂದಿರುಗಿ ವ್ಯರ್ಥವಾಗುವ ಬೆಳಕನ್ನು ಅದು ತಗ್ಗಿಸುತ್ತದೆ. ಅದರ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು. ಮೊದಮೊದಲಿನ ಲೇಪಗಳು ಬಲು ಮೃದು. ಕೊಳೆಯೆಂದು ಬಲವಾಗಿ ತಿಕ್ಕಿದರೆ ಕೊಳೆಯೊಡನೆ ಗುಣವೂ ಹೋಗುತ್ತದೆ.

ಇದು ಗಾಜಿನ ಮಾತಾಯಿತು. ಹೊರಮೈಯ ಗುರುತುಗಳ ವಿಷಯ ಇನ್ನೂ ಕಠಿಣ. ಎರಡನೆಯ ಮಹಾಯುದ್ಧದ ಜರ್ಮನ್ ನೌಕಾಪಡೆಯ ದುರ್ಬೀನುಗಳಲ್ಲಿ ಹದ್ದು, ಅದರಡಿಯಲ್ಲಿ ನಾತ್ಸಿಗಳ ಸ್ವಸ್ತಿಕ ಒತ್ತಿದವು ಇವೆ. "ಅಂಥ ಮುದ್ರೆ ಮನೆಯಲ್ಲಿರುವುದೇ ಪಾಪ, ಅರ ತೆಗೆದುಕೊಂಡು ಉಜ್ಜಿಬಿಡಿ" ಎನ್ನುತ್ತಾರೆ ನನ್ನ ಗೆಳೆಯರೊಬ್ಬರು. ಅವರದು ಹಗುರವಾದ ಮಾತಲ್ಲ. ಆ ಮುದ್ರೆಯನ್ನು ಹೆಮ್ಮೆಯಿಂದ ಕೂಡಿಡುವವರೂ ಲೋಕದಲ್ಲಿದ್ದಾರೆ. ಅವರ ಸಾಲಿಗೆ ಸೇರಲು ಯಾವ ಸಜ್ಜನನೂ ಬಯಸಲಾರ.

ಆದರೂ ಕೇಳುತ್ತೇನೆ: ಮುದ್ರೆ ಹೋದರೆ ಪಾಪ ಹೋಗುತ್ತದೆಯೇ? ಹೋಗುವುದು ಸಾಕ್ಷಿ ಮಾತ್ರ. ಆ ಆಳ್ವಿಕೆಯಲ್ಲಿ ನರಳಿದವನೊಬ್ಬನು ಅದನ್ನು ಕೆರೆದು ಹಾಕಿದರೆ ಅವನ ಕೈ ಹಿಡಿಯಲು ನಾನು ಯಾರು? ಆ ಕೆರೆದ ಗೀರೂ ಒಂದು ಸಾಕ್ಷಿಯೇ. ನಾವಾದರೋ ದೂರದವರು, ನಾವು ಅಳಿಸುವುದು ನಮ್ಮ ಮನಸ್ಸಿನ ನೆಮ್ಮದಿಗಾಗಿ. ಇನ್ನೊಂದು ಕಡೆ, ಬೆಲೆ ಏರಲೆಂದು ಇಲ್ಲದ ಮುದ್ರೆಯನ್ನು ಒತ್ತಿ ಮಾರುವವರೂ ಉಂಟು. ಅಳಿಸುವವನ ಉದ್ದೇಶ ಒಳ್ಳೆಯದು, ಒತ್ತುವವನದು ಕೆಟ್ಟದ್ದು. ಆದರೆ ನಾಳೆ ಆ ದುರ್ಬೀನನ್ನು ಕೈಗೆತ್ತಿಕೊಳ್ಳುವವನಿಗೆ ಇಬ್ಬರೂ ಹೇಳುವುದು ಸುಳ್ಳನ್ನೇ.

ಹಳಗನ್ನಡ ಕಾವ್ಯವನ್ನು ಸಂಪಾದಿಸುವವರಿಗೆ ಈ ಸಂಕಟ ಹೊಸದಲ್ಲ. ಲಿಪಿಕಾರ ತಪ್ಪಿದ್ದಾನೆಂದು ತೋರಿದರೂ ಸಂಪಾದಕನು ತಾಳೆಗರಿಯನ್ನು ಕೆರೆಯುವುದಿಲ್ಲ. ತನಗೆ ಸರಿಕಂಡ ಪಾಠವನ್ನು ಮೇಲೆ ಅಚ್ಚುಹಾಕಿ, ಉಳಿದ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾನೆ. ತಿದ್ದುವ ಹಕ್ಕು ಅವನಿಗುಂಟು. ತಿದ್ದಿದ್ದನ್ನು ಮರೆಮಾಚುವ ಹಕ್ಕಿಲ್ಲ.

ಬ್ರಿಟಿಷ್ ಸರ್ಕಾರದ ಉಗ್ರಾಣದಲ್ಲೂ ಇಂಥದೇ ಒಂದು ಪದ್ಧತಿಯಿತ್ತು. ಸರ್ಕಾರದ ಸೊತ್ತೆಂದು ತಿಳಿಸಲು ದುರ್ಬೀನಿನ ಮೇಲೆ ಬಾಣದ ಗುರುತನ್ನು ಕೊರೆಯುತ್ತಿದ್ದರು. ಬೇಡವಾದ ವಸ್ತುವನ್ನು ಹೊರಗೆ ಮಾರುವಾಗ ಆ ಬಾಣವನ್ನು ಅಳಿಸುತ್ತಿರಲಿಲ್ಲ. ಅದರ ಮೊನೆಗೆ ಮೊನೆ ತಾಗುವಂತೆ ಇನ್ನೊಂದು ಬಾಣವನ್ನು ಕೊರೆಯುತ್ತಿದ್ದರು. ಹಿಂದೆ ಇದು ಯಾರದಾಗಿತ್ತು, ಈಗ ಅವರದಲ್ಲ ಎಂಬ ಎರಡು ಮಾತೂ ಒಂದೇ ಕಡೆ ಉಳಿಯುತ್ತಿದ್ದವು.

ಹಿಂದಿನವರ ಕೆಡುಕಿಗೆ ನಾವು ಕೊಡಬಹುದಾದ ಉತ್ತರ ಬಹುಶಃ ಈ ಎರಡನೆಯ ಬಾಣವೇ. ನೋಟಕ್ಕೆ ಅಡ್ಡಬರುವುದನ್ನು ಒರೆಸೋಣ. ಮನಸ್ಸಿಗೆ ಅಡ್ಡಬರುವುದನ್ನು ಹಾಗೆಯೇ ಬಿಟ್ಟು, ಪಕ್ಕದಲ್ಲಿ ನಮ್ಮ ಮಾತನ್ನು ಬರೆದಿಡೋಣ. ನಾನು ಸರಿಪಡಿಸಿದ ಪ್ರತಿಯೊಂದು ದುರ್ಬೀನಿನ ತೊಗಲು ಪೆಟ್ಟಿಗೆಯಲ್ಲಿ ಒಂದು ಚೀಟಿ ಇಡುತ್ತೇನೆ: ಏನನ್ನು ತೆಗೆದೆ, ಏನನ್ನು ಹಾಕಿದೆ, ಯಾವ ಗುರುತನ್ನು ಏಕೆ ಬಿಟ್ಟೆ. ಮುಂದೆ ಅದು ಯಾರ ಕೈ ಸೇರುತ್ತದೋ ತಿಳಿಯದು. ನನ್ನ ತೀರ್ಮಾನ ಅವರಿಗೆ ಒಪ್ಪದಿದ್ದರೆ ತಿದ್ದಿಕೊಳ್ಳಲು ಅವರಿಗೆ ಎಡೆಯಾದರೂ ಇರಲಿ.