ತಡವಾಗಿ ಬಂದವರ ದಾವೆ

ಎಚ್ಚರವಾಗಿರುವವನಿಗೆ ಕಾನೂನಿನ ನೆರವು, ಮಲಗಿದವನಿಗಲ್ಲ ಎಂಬುದು ವಕೀಲರ ಬಾಯಲ್ಲಿ ಹಳೆಯ ಮಾತು. ಕಾಲಮಿತಿಯ ಕಾನೂನಿಗೆ ಇದೇ ಆಧಾರ. ಆದರೆ ತನಗೆ ಹಾನಿಯಾಗಿದೆ ಎಂಬುದೇ ಗೊತ್ತಿಲ್ಲದವನನ್ನು ಮಲಗಿದ್ದ ಎನ್ನುವುದು ಹೇಗೆ?

ಇಂಗ್ಲೆಂಡಿನ ಜಾಪ್ಲಿಂಗ್ ಕಾರ್ಖಾನೆಯಲ್ಲಿ ಉಕ್ಕಿನ ಎರಕಗಳನ್ನು ಉಜ್ಜಿ ನಯಗೊಳಿಸುವ ಕೆಲಸಗಾರರಿದ್ದರು. ಉಜ್ಜುವಾಗ ಏಳುತ್ತಿದ್ದ ಸಿಲಿಕಾ ಧೂಳು ಉಸಿರಿನೊಂದಿಗೆ ಒಳಗಿಳಿದು ವರ್ಷಗಟ್ಟಲೆ ಶ್ವಾಸಕೋಶವನ್ನು ತಿಂದಿತು. ಕೆಮ್ಮು, ಉಬ್ಬಸ ಕಾಣಿಸಿಕೊಳ್ಳುವ ಎಷ್ಟೋ ಮೊದಲೇ ಕೇಡು ಆಗಿಹೋಗಿರುತ್ತಿತ್ತು. 1956ರಲ್ಲಿ ಅವರು ದಾವೆ ಹೂಡಿದಾಗ ಆಗಿನ ಆರು ವರ್ಷಗಳ ಗಡುವು ಅಡ್ಡ ಬಂತು. ಎಣಿಕೆ ಶುರುವಾಗುವುದು ಹಾನಿಯಾದಾಗಿನಿಂದ, ಅದು ಗೊತ್ತಾದಾಗಿನಿಂದಲ್ಲ ಎಂದು 1963ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಇದು ನ್ಯಾಯವಲ್ಲ ಎಂದು ತೀರ್ಪು ಬರೆದವರಿಗೂ ಅನ್ನಿಸಿತ್ತು. ಕಾಯ್ದೆ ಅವರ ಕೈ ಕಟ್ಟಿತ್ತು. ಅದೇ ವರ್ಷ ಪಾರ್ಲಿಮೆಂಟು ಕಾನೂನು ತಿದ್ದಿತು. 1975ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ದೈಹಿಕ ಹಾನಿಯ ದಾವೆಗಳಲ್ಲಿ ಗಡುವನ್ನೇ ಬದಿಗಿಡುವ ವಿವೇಚನಾಧಿಕಾರವನ್ನು ಕೋರ್ಟಿಗೆ ಕೊಟ್ಟಿತು. ಈಗ ಅದು 1980ರ ಕಾಲಮಿತಿ ಕಾಯ್ದೆಯ 33ನೇ ಕಲಮು.

ಈ ಅಧಿಕಾರ ನ್ಯಾಯಾಧೀಶರ ಮರ್ಜಿಯಲ್ಲ. ತಡ ಎಷ್ಟು, ಯಾಕೆ? ಸಾಕ್ಷ್ಯದ ಕಸುವು ಅದರಿಂದ ಎಷ್ಟು ಕುಗ್ಗಿದೆ? ಮಾಹಿತಿ ಕೇಳಿದಾಗ ಪ್ರತಿವಾದಿ ಹೇಗೆ ನಡೆದುಕೊಂಡ? ವಿಷಯ ತಿಳಿದ ಮೇಲೆ ವಾದಿ ಬೇಗ ಎದ್ದನೇ? ಇವನ್ನೆಲ್ಲ ನೋಡಬೇಕೆಂದು ಕಲಮೇ ಹೇಳುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಪ್ರತಿವಾದಿಯ ನಡತೆಯ ಪ್ರಶ್ನೆ. ದಾಖಲೆ ಕೊಡದೆ ಸತಾಯಿಸಿದವನೇ ಆಮೇಲೆ ತಡವಾಯಿತೆಂದು ವಾದಿಸಿದರೆ ಕ್ಯಾಲೆಂಡರಿಗೆ ಅದು ತಿಳಿಯದು. ಮನುಷ್ಯರಿಗೆ ತಿಳಿಯುತ್ತದೆ.

ಗಡುವಿನ ಪರವಾದ ವಾದವೂ ಹಗುರವಲ್ಲ. ಮೇಸ್ತ್ರಿ ಸತ್ತಿರುತ್ತಾನೆ, ಕಡತ ಹರಿದುಹೋಗಿರುತ್ತದೆ; ತಪ್ಪು ಮಾಡದವನೂ ಆಗ ತನ್ನನ್ನು ಸಮರ್ಥಿಸಿಕೊಳ್ಳಲಾರ. ಅಂಥಲ್ಲಿ ದಾವೆಯನ್ನು ತಳ್ಳಿಹಾಕುವುದೇ ಸರಿ. ಆದರೆ ನಿಜಕ್ಕೂ ಹಾಗಾಗಿದೆಯೇ ಎಂದು ಒಂದೊಂದು ಪ್ರಕರಣವನ್ನೂ ನೋಡಿಯೇ ಹೇಳಬೇಕು. ಬರೀ ತಾರೀಕು ನೋಡಿ ಬಾಗಿಲು ಹಾಕಿದರೆ ಆ ಪ್ರಶ್ನೆ ಕೇಳುವುದಕ್ಕೇ ಜಾಗವಿರುವುದಿಲ್ಲ.

ನಮ್ಮಲ್ಲಿ ಗಾಳಿ ತಿರುಗಿ ಬೀಸಿದೆ. 1988ರ ಮೋಟಾರು ವಾಹನ ಕಾಯ್ದೆ ಅಪಘಾತ ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು ಇಟ್ಟು, ಸಕಾರಣವಿದ್ದರೆ ಹನ್ನೆರಡು ತಿಂಗಳವರೆಗೆ ಬಿಡುವು ಕೊಟ್ಟಿತ್ತು. 1994ರ ತಿದ್ದುಪಡಿ ಗಡುವನ್ನೇ ತೆಗೆಯಿತು. 2019ರ ತಿದ್ದುಪಡಿ ಆರು ತಿಂಗಳನ್ನು ಮರಳಿ ತಂದಿತು, 2022ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ತಡವನ್ನು ಮನ್ನಿಸುವ ಹಳೆಯ ಮಾತು ಮಾತ್ರ ಗಡುವನ್ನು ಹೇಳುವ ಉಪಕಲಮಿಗೆ ಮರಳಲಿಲ್ಲ. ತಲೆಗೆ ಪೆಟ್ಟಾದವನು ಆಸ್ಪತ್ರೆಯಲ್ಲಿರುವಾಗ, ಹೆಂಡತಿ ಬಿಲ್ಲು ಕಟ್ಟಲು ಓಡಾಡುತ್ತಿರುವಾಗ ಆರು ತಿಂಗಳು ಕಳೆಯುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಗಡುವು ಇರಲಿ. ಅದು ಮೀರಿದ್ದೇಕೆ ಎಂದು ಕೇಳುವ ಅಧಿಕಾರವನ್ನು ಸಂಸತ್ತು ನ್ಯಾಯಮಂಡಳಿಗಳಿಗೆ ಸ್ಪಷ್ಟ ಮಾತಿನಲ್ಲಿ ಮರಳಿ ಕೊಡಬೇಕು.